ಓದದೆ ಅಳಿಸಿದ ಹೆಸರು

ಹುಣಸೆಹಣ್ಣು ಹಚ್ಚಿ ಉಜ್ಜಿದ ಹಿತ್ತಾಳೆಗೆ ಒಂದು ವಾಸನೆ ಇರುತ್ತದೆ. ಹುಳಿ, ಬೂದಿ, ಒದ್ದೆ ಲೋಹ ಮೂರೂ ಬೆರೆತ ವಾಸನೆ. ಹೇಮಾವತಿಯ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ಹಿಂದೂಪುರದ ಹುಣಸೆ ಮಂಡಿಯಲ್ಲಿ ಯಾರೂ ಕೇಳದೆ ಉಳಿದ ಕಪ್ಪು ಹಣ್ಣನ್ನು ಅವಳ ಅಮ್ಮ ಮಡಕೆ ತುಂಬ ತಂದಿಟ್ಟುಕೊಳ್ಳುತ್ತಿದ್ದಳು. ಹೆಸರು ಬರೆಸಲು ಜನ ತಂದ ಚೊಂಬು, ಹರಿವಾಣ, ಬಿಂದಿಗೆಗಳನ್ನು ಹಿತ್ತಲ ಕಲ್ಲಿನ ಮೇಲೆ ಕೂತು ತಿಕ್ಕಿ ತೊಳೆದು ಒಳಗೆ ಕಳಿಸುವುದು ಅಮ್ಮನ ಕೆಲಸ. ಪಡಸಾಲೆಯಲ್ಲಿ ಅಪ್ಪ ಲಿಂಗಣ್ಣ ಅವನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದು, ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಕುಟ್ಟುತ್ತಿದ್ದರು. ಆ ವಾಸನೆ ಹೇಮಾವತಿಯ ಅಂಗೈಗೆ, ಲಂಗಕ್ಕೆ, ಕೊನೆಗೆ ಪುಸ್ತಕಕ್ಕೂ ಅಂಟಿಕೊಂಡಿತ್ತು. "ನಿನ್ ನೋಟ್‌ಬುಕ್ಕು ಚಟ್ನಿ ವಾಸ್ನೆ ಬತ್ತೈತೆ ಕಣೆ" ಎಂದು ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮಧ್ಯಾಹ್ನ ಮಾತ್ರ ಅದೇ ಹುಡುಗಿ ತನ್ನ ಬುತ್ತಿಯಲ್ಲಿ ಅರ್ಧ ಕೊಡುತ್ತಿದ್ದಳು, ಆ ಮಾತು ಬೇರೆ.

ಈಗ ಹೇಮಾವತಿಗೆ ಐವತ್ತೊಂಬತ್ತು. ಊರಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಮನೆ ಅದೇ, ಪಡಸಾಲೆ ಅದೇ, ಬಾಗಿಲ ಮೇಲಿನ ಬೋರ್ಡು ಮಾತ್ರ ಹೊಸದು. ಉಳಿಯ ಜಾಗಕ್ಕೆ ಮೊದಲು ಗುಂಯ್‌ಗುಡುವ ಕರೆಂಟ್ ಪೆನ್ನು ಬಂತು. ಆರು ವರ್ಷದ ಹಿಂದೆ ಲೇಸರ್ ಮೆಷಿನ್ನು ಬಂತು. ಚಪ್ಪಟೆ ತಟ್ಟೆಯ ಮೇಲೆ ಯಾವ ಮೆಷಿನ್ನಾದರೂ ಬರೆಯುತ್ತದೆ. ಕಷ್ಟವೆಲ್ಲ ದುಂಡಗಿನ ವಸ್ತುವಿನದು. ಬೆಳಕಿನ ಎಳೆ ಒಂದೇ ದೂರದಲ್ಲಿ ಚುರುಕಾಗಿರುತ್ತದೆ, ಲೋಟದ ಮೈ ಬಾಗಿದ ಕಡೆ ಅಕ್ಷರ ಮಸುಕಾಗಿಬಿಡುತ್ತದೆ. ಅದಕ್ಕೆಂದೇ ಹೇಮಾವತಿ ತನ್ನ ಮೆಷಿನ್ನಿಗೆ ಒಂದು ತಿರುಗಣೆ ಹಾಕಿಸಿಕೊಂಡಿದ್ದಳು. ಲೋಟವನ್ನು ಅದರ ಹಲ್ಲಿಗೆ ಕಚ್ಚಿಸಿದರೆ ಅದು ಕೂದಲೆಳೆ ಕೂದಲೆಳೆಯಾಗಿ ತಿರುಗುತ್ತ ತನ್ನ ಮೈಯನ್ನು ತಾನೇ ಬೆಳಕಿಗೆ ಒಡ್ಡಿಕೊಳ್ಳುತ್ತಿತ್ತು. ಮದುವೆಯ ಕುಂಕುಮದ ಭರಣಿ, ರಿಟೈರಾದ ಮೇಷ್ಟ್ರಿಗೆ ಕೊಡುವ ಪೆನ್ನು, ನೀರಿನ ಬಾಟಲಿ, ಮಗುವಿನ ಬೆಳ್ಳಿ ಬಟ್ಟಲು, ಹೀಗೆ ಸುತ್ತಲ ಊರುಗಳ ದುಂಡಗಿನ ಉಡುಗೊರೆಗಳೆಲ್ಲ ಅವಳ ಅಂಗಡಿಗೇ ಬರುತ್ತಿದ್ದವು.

ಮೆಷಿನ್ನಿನದು ಒಂದೇ ಹಟ. ಮೈ ನುಣುಪಾಗಿರಬೇಕು. ಹಳೆಯ ಅಕ್ಷರ, ಹಳೆಯ ತಗ್ಗು ಏನಿದ್ದರೂ ಮೊದಲು ಪಾಲಿಶ್ ಚಕ್ರಕ್ಕೆ ಕೊಟ್ಟು ತೆಗೆಯಬೇಕು.

ಹಳೆಯ ಅಕ್ಷರದ ವಿಷಯದಲ್ಲಿ ಲಿಂಗಣ್ಣ ಮಗಳಿಗೆ ಒಂದು ಮಾತು ಕಲಿಸಿ ಹೋಗಿದ್ದರು. "ಹೆಸ್ರು ಹಾಕ್ಸೋಕೆ ಬರೋರು ನಗ್ತಾ ಬತ್ತಾರೆ ಕಣಮ್ಮ. ಅಳಿಸೋಕೆ ಬರೋರು ಹಂಗಲ್ಲ. ಮನೆ ಪಾಲಾಗಿರ್ತದೆ, ಇಲ್ಲ ಕಷ್ಟಕ್ಕೆ ಮಾರ್ಕೊಂಡಿರ್ತಾರೆ, ಇಲ್ಲ ಗಂಡ ಬಿಟ್ಟಿರ್ತಾನೆ. ಆ ಹೆಸ್ರು ನೀನು ಓದಿದ್ರೆ ಅವರು ತಲೆ ತಗ್ಗಿಸ್ಬೇಕಾಯ್ತದೆ. ಓದ್ಬೇಡ, ಕೇಳ್ಬೇಡ. ಸುಮ್ನೆ ಅಳಿಸ್ಕೊಡು."

ಅಪ್ಪ ಹಾಗೆಯೇ ಮಾಡುತ್ತಿದ್ದರು. ಕಣ್ಣನ್ನು ಬೀದಿಯ ಕಡೆ ತಿರುಗಿಸಿಕೊಂಡು, ಬೆರಳಿನ ತುದಿಯಲ್ಲೇ ಅಕ್ಷರ ಎಲ್ಲಿ ಮುಗಿಯಿತೆಂದು ನೋಡಿಕೊಂಡು ಅರ ಹಾಕುತ್ತಿದ್ದರು. ಹೇಮಾವತಿಯೂ ಅದನ್ನೇ ನಡೆಸಿಕೊಂಡು ಬಂದಿದ್ದಳು. ಕಾಲ ಬದಲಾಗಿ ಈಗ ಕಷ್ಟಕ್ಕೆ ಅಳಿಸುವವರಿಗಿಂತ, ಬಂದ ಉಡುಗೊರೆಯನ್ನು ಇನ್ನೊಬ್ಬರಿಗೆ ದಾಟಿಸುವವರೇ ಹೆಚ್ಚು. ಆದರೂ ನಾಚಿಕೆ ನಾಚಿಕೆಯೇ ಅಲ್ಲವೇ.

ಆ ಸೋಮವಾರ ಬೆಳಿಗ್ಗೆ ಹುಣಸೆ ಮಂಡಿಯ ನಿರ್ಮಲಮ್ಮ ಒಂದು ಹಿತ್ತಾಳೆ ದೀಪ ಹಿಡಿದು ಬಂದಿದ್ದಳು.

"ಹೊಸದೇ ಕಣೆ ಹೇಮಾ. ಒಂಚೂರು ಗೀರು ಬಿದ್ದೈತೆ, ಅದನ್ನ ತೆಗ್ದು ನಮ್ಮ ಹೆಸ್ರು ಹಾಕ್ಕೊಡು. ನಾಳಿದ್ದು ಗೃಹಪ್ರವೇಶ ಐತೆ."

ಗೀರು ನಾಲ್ಕು ಸಾಲು ಉದ್ದವಿತ್ತು, ಕೊನೆಯಲ್ಲಿ ತಾರೀಖೂ ಇತ್ತು. ಹೇಮಾವತಿ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಪೀಠದ ತಗ್ಗು ನೋಡಿದರೆ ಸಾಕು, ಎರಡು ವರ್ಷದಲ್ಲಿ ಈ ದೀಪ ತನ್ನ ಅಂಗಡಿಗೆ ಬರುತ್ತಿರುವುದು ನಾಲ್ಕನೆಯ ಸಲ. ಪ್ರತಿ ಸಲ ಬೇರೆ ಬೇರೆ ಕೈಯಲ್ಲಿ.

"ಯಾಕೆ ನಗ್ತೀಯ?" ಎಂದಳು ನಿರ್ಮಲಮ್ಮ.

"ಏನಿಲ್ಲ ಅಕ್ಕ. ದೀಪದ ಕಾಲು ಒಂಚೂರು ಸವೆದೈತೆ."

"ದೀಪಕ್ಕೆ ಕಾಲು ಯಾಕೆ ಸವೀತದೆ?"

"ಓಡಾಡಿ."

ಅರ್ಥವಾದ ಮೇಲೆ ನಿರ್ಮಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹೋಗೇ ನಿನ್ನ. ನಾವಾದ್ರೂ ಒಂದಿನ ಹಚ್ಚಿದ್ವಿ. ಅಷ್ಟು ಪುಣ್ಯ ನಮಗೈತೆ."

ಅವಳು ಹೋದ ಸ್ವಲ್ಪ ಹೊತ್ತಿಗೆ ಬಂದವನು ಪಾಪಯ್ಯ. ಎಪ್ಪತ್ತರ ಆಚೆಯ ವಯಸ್ಸು, ತೊಳೆದು ತೊಳೆದು ತೆಳುವಾದ ಪಂಚೆ, ಹೆಗಲಲ್ಲಿ ಗೋಣಿಚೀಲ. ಬಿಸಿಲಲ್ಲೇ ನಿಂತು ಕೇಳಿದ.

"ಹೆಸ್ರು ಹಾಕೋ ಅಂಗ್ಡಿ ಇದೇನಾ ತಾಯಿ? ಕಲ್ಯಾಣದುರ್ಗದಿಂದ ಬಂದಿವ್ನಿ. ನಮ್ಮ ಹುಡ್ಗಿ ಫೋನ್ನಾಗೆ ನೋಡಿ ಅಡ್ರೆಸ್ಸು ಬರ್ಕೊಟ್ಟವ್ಳೆ."

ಹೇಮಾವತಿ ಸ್ಟೂಲು ಎಳೆದು ಕೊಟ್ಟಳು, ನೀರು ಕೊಟ್ಟಳು. ಅವನು ಚೀಲದಿಂದ ನಲವತ್ತು ಸ್ಟೀಲ್ ಲೋಟಗಳನ್ನು ಒಂದೊಂದಾಗಿ, ಸದ್ದಾಗದ ಹಾಗೆ ಟೇಬಲ್ಲಿನ ಮೇಲೆ ಜೋಡಿಸಿದ.

"ಬರೋ ಭಾನ್ವಾರ ನಮ್ಮನೆಯೋಳ್ದು ವರ್ಷದ ದಿನ. ಬಂದೋರ್ಗೆಲ್ಲ ಒಂದೊಂದು ಲೋಟ ಕೊಡಾಣ ಅಂತ. ಅವಳ ಹೆಸ್ರು ಇರ್ಬೇಕು."

"ಏನು ಹೆಸರಣ್ಣ?"

"ನಾರಮ್ಮ."

ಆಮೇಲೆ ಅವನು ಚೀಲದ ತಳದಿಂದ ಟವಲಿನಲ್ಲಿ ಸುತ್ತಿದ ಒಂದು ಹಿತ್ತಾಳೆ ಚೊಂಬು ತೆಗೆದ. ಟವಲು ಅರ್ಧ ಬಿಚ್ಚಿದ. "ಇನ್ನ ಇದು ನೋಡು ತಾಯಿ. ಇದ್ರ ಮ್ಯಾಲೆ ಹೆಸ್ರೈತೆ. ಅದನ್ನ…"

ಅವನು ಟವಲಿನ ಅಂಚು ಹಿಡಿದುಕೊಂಡ. ಮುಂದಿನ ಮಾತು ಹೊರಡಲಿಲ್ಲ. ತಲೆ ತಗ್ಗಿಸಿದ.

ತಲೆ ತಗ್ಗಿಸಿದ್ದು ಕಂಡು ಹೇಮಾವತಿಗೆ ಅಪ್ಪನ ಮಾತು ನೆನಪಾಯಿತು. ಯಾರ ಮನೆಯ ಚೊಂಬೋ, ಯಾವ ಕಷ್ಟದಲ್ಲಿ ಇವರ ಕೈಗೆ ಬಂತೋ, ಹೆಂಡತಿಯ ವರ್ಷದ ದಿನಕ್ಕೆ ಅವಳ ಹೆಸರಿನಲ್ಲಿ ಒಂದು ಹಿತ್ತಾಳೆ ಪಾತ್ರೆ ಇರಲಿ ಎಂದು ತಂದಿದ್ದಾನೆ ಪಾಪ ಎಂದುಕೊಂಡಳು. ಬಿಚ್ಚಿದ್ದ ಟವಲನ್ನು ತಾನೇ ಮತ್ತೆ ಚೊಂಬಿನ ಮೇಲೆ ಎಳೆದಳು.

"ಗೊತ್ತಾಯ್ತು ಬಿಡಣ್ಣ. ನೀವೇನೂ ಹೇಳ್ಬೇಕಾಗಿಲ್ಲ. ಅದನ್ನ ನಾನು ನೋಡ್ಕೋತೀನಿ."

ಪಾಪಯ್ಯನ ಕಣ್ಣಲ್ಲಿ ನೀರು ನಿಂತಿತು. "ಸರೇ ತಾಯಿ. ತಿಳ್ಕೊಳ್ಳೋರು ಹೇಳ್ದೇನೇ ತಿಳ್ಕೊಂತಾರೆ" ಎಂದ. ಬುಧವಾರ ಬರುವುದಾಗಿ ಹೇಳಿ, ಕುಡಿದ ಲೋಟವನ್ನು ಬಾಗಿಲ ಹೊರಗೆ ತೊಳೆದಿಟ್ಟು ಹೋದ. ಒಳ್ಳೆಯ ಕೆಲಸ ಮಾಡಿದ ಸಮಾಧಾನ ಆ ದಿನವೆಲ್ಲ ಹೇಮಾವತಿಯ ಮನಸ್ಸಿನಲ್ಲಿತ್ತು.

ಮಂಗಳವಾರ ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದಳು. ಚಕ್ರಕ್ಕೆ ಒಡ್ಡಿ ಕಣ್ಣನ್ನು ಬೀದಿಯ ಕಡೆ ತಿರುಗಿಸಿದಳು. ಎದುರಿನ ಬೇವಿನ ಮರದ ಕೆಳಗೆ ಸೊಪ್ಪು ಮಾರುವವಳು ತನ್ನ ನೆರಳಿನಲ್ಲಿ ಅರ್ಧ ಜಾಗವನ್ನು ಚಪ್ಪಲಿ ಹೊಲಿಯುವವನಿಗೆ ಬಿಟ್ಟುಕೊಟ್ಟು ಬುಟ್ಟಿ ಸರಿಸಿಕೊಳ್ಳುತ್ತಿದ್ದಳು. ಅದನ್ನೇ ನೋಡುತ್ತ ಹೇಮಾವತಿ ಬೆರಳು ಆಡಿಸಿದಳು. ಅಕ್ಷರ ಇನ್ನೂ ಇತ್ತು. ಮತ್ತೆ ಒಡ್ಡಿದಳು. ಇನ್ನೂ ಇತ್ತು. ಯಾರೋ ಸಿಟ್ಟಿನಿಂದ ಹೊಡೆದ ಹಾಗೆ ಚುಕ್ಕೆಗಳು ಆಳವಾಗಿ, ಒಂದಕ್ಕೊಂದು ಅಂಕೆಯಿಲ್ಲದೆ ಬಿದ್ದಿದ್ದವು. ಅಪ್ಪನಂಥ ಕಸಬುದಾರರ ಕೈಯದಲ್ಲ ಎಂದು ಬೆರಳಿಗೆ ತಿಳಿಯಿತು. ಬೆರಳಿಗೆ ತಿಳಿದದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಒರಟು ಅರ ಹಾಕಿ, ಚೊಂಬು ಕೈ ಸುಡುವಷ್ಟು ಬಿಸಿಯಾಗುವವರೆಗೆ ತೇಯ್ದು, ಕೊನೆಗೆ ಕನ್ನಡಿಯ ಹಾಗೆ ಮಾಡಿದಳು. ಆಮೇಲೆ ತಿರುಗಣೆಗೆ ಕಚ್ಚಿಸಿ ಚೊಂಬಿನ ಹೆಗಲ ಸುತ್ತ ನಾರಮ್ಮ ಎಂದು ದುಂಡಾದ ಅಕ್ಷರದಲ್ಲಿ ಬರೆಸಿದಳು. ಪಾಪ ಅಂತ, ಕೇಳದಿದ್ದರೂ, ಎರಡು ಕಡೆ ಮಲ್ಲಿಗೆಯ ಬಳ್ಳಿ ಹಾಕಿದಳು.

ಬುಧವಾರ ಪಾಪಯ್ಯ ಬಂದಾಗ ಹೆಸರು ಬರೆಸಿದ ಲೋಟಗಳನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದಳು, ಚೊಂಬನ್ನು ಮಾತ್ರ ಕಾಣುವ ಹಾಗೆ ಮೇಲೆ ಇಟ್ಟಿದ್ದಳು.

ಅವನು ಚೊಂಬು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ. ತಳ ನೋಡಿದ. ಬೆಳಕಿಗೆ ಹಿಡಿದು ನೋಡಿದ.

"ನಮ್ಮ ಚೊಂಬು ತಾಯಿ?"

"ಇದೇ ಅಣ್ಣ."

"ಇದಲ್ಲ ಬಿಡು. ಯಾರ್ದೋ ಬದ್ಲಾಗಿ ಬಂದೈತೆ. ನಮ್ದು ಹಳೇದು. ಹೆಗಲ ಮ್ಯಾಲೆ ಅವಳು ಬರ್ದಿದ್ದು ಇತ್ತು."

ಹೇಮಾವತಿ ಎದ್ದು ನಿಂತಳು. "ಯಾರು ಬರೆದಿದ್ದು?"

"ನಮ್ಮನೆಯೋಳು. ನಾರಿ." ಅವನು ಇನ್ನೂ ಟೇಬಲ್ಲಿನ ಆ ಕಡೆ ಈ ಕಡೆ ತನ್ನ ಚೊಂಬನ್ನು ಹುಡುಕುತ್ತಲೇ ಇದ್ದ.

ಹೇಳಬೇಕಾದ್ದನ್ನು ಹೇಮಾವತಿ ಹೇಳಿದಳು. ಹಳೆಯ ಹೆಸರನ್ನು ತೆಗೆಯಲು ತಂದಿದ್ದೀರಿ ಎಂದುಕೊಂಡೆ, ಓದಲಿಲ್ಲ, ಅಳಿಸಿಬಿಟ್ಟೆ. ಅಷ್ಟನ್ನು ಹೇಳಲು ಬಹಳ ಹೊತ್ತು ಬೇಕಾಯಿತು. ಪಾಪಯ್ಯ ಸ್ಟೂಲಿನ ಮೇಲೆ ಕೂತು ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮೋಳು ಓದಿದೋಳಲ್ಲ ತಾಯಿ" ಎಂದ ಕೊನೆಗೆ. "ಐವತ್ತು ದಾಟಿದ್ಮೇಲೆ ರಾತ್ರಿ ಬಡಿಗೆ, ಅದೇ ದೊಡ್ಡೋರ ಇಸ್ಕೂಲಿಗೆ, ಹೋದ್ಳು. ಎಂಟು ತಿಂಗ್ಳು ಹೋದ್ಳು. ಹೆಸ್ರು ಬರೆಯೋದು ಒಂದು ಬಂತು, ಇನ್ನೇನೂ ಬರ್ಲಿಲ್ಲ. ಒಂದ್ಸಲ ಯಾವ್ದೋ ಕಾಗದಕ್ಕೆ ಅಂತ ಒಂದು ಆಫೀಸ್ಗೆ ಕರ್ಕೊಂಡು ಹೋಗಿದ್ದೆ. ಪೆನ್ನು ಕೊಡ್ರಿ, ನಾನೇ ಬರೀತೀನಿ ಅಂದ್ಳು. ನೀನು ಬರೆಯೋ ಹೊತ್ಗೆ ಸಾಯಂಕಾಲ ಆಯ್ತದೆ ಮುದುಕಿ, ಹಿಂದೆ ಲೈನೈತೆ ಅಂದ್ಬುಟ್ಟು, ಹೆಬ್ಬೆಟ್ಟು ಹಿಡ್ಕೊಂಡು ಇಂಕಿಗೆ ಅದ್ದಿ ಒತ್ತಿಸ್ಬುಟ್ರು. ದಾರೀನಾಗೆ ಒಂದು ಮಾತಾಡ್ಲಿಲ್ಲ. ಮನೆಗೆ ಬಂದೋಳೇ ಮೊಳೆ ತಕ್ಕಂಡ್ಳು, ಗುಂಡುಕಲ್ಲು ತಕ್ಕಂಡ್ಳು, ತೌರುಮನೆ ಚೊಂಬು ಮುಂದಿಟ್ಕೊಂಡು ಕೂತ್ಬುಟ್ಳು. ಅಲ್ಲಿ ಬರೀಗೊಡ್ಲಿಲ್ಲ, ಇಲ್ಲಿ ಯಾವನು ಬ್ಯಾಡ ಅಂತಾನೆ ನೋಡ್ತೀನಿ ಅಂದ್ಳು."

"ಬೇರೆ ಎಲ್ಲಾದರೂ ಬರೆದದ್ದು ಇದೆಯಾ ಅಣ್ಣ? ಪುಸ್ತಕದಲ್ಲಿ, ಕಾಗದದಲ್ಲಿ?"

"ಬಡಿ ಸ್ಲೇಟಿಂದು. ಬರೆದಂಗೇ ಅಳಿಸ್ತಿದ್ರು. ಅದಾದ್ಮೇಲೆ ಎಲ್ಲೋದ್ರೂ ಅವಳೇ ಮುಂದಾಗಿ ಹೆಬ್ಬೆಟ್ಟು ಚಾಚೋಳು. ನಾನು ಬರ್ದಾಗೈತೆ, ಮನೇಗೆ ಬಂದು ನೋಡ್ಕೊಳ್ಳಿ ಅನ್ನೋಳು."

ಚೊಂಬಿನ ಫೋಟೊ ಇದೆಯೇ ಎಂದು ಹೇಮಾವತಿ ಕೇಳಿದಳು. ಅವನು ಮಗಳು ರೇವತಿಗೆ ಫೋನ್ ಹಚ್ಚಿದ, ವಿಷಯ ಹೇಳದೆ ಫೋಟೊ ಮಾತ್ರ ಕೇಳಿದ. ಅರ್ಧ ಗಂಟೆಗೆ ಒಂದು ಬಂತು. ಆಡಿನ ಕೊಟ್ಟಿಗೆಯ ಮುಂದೆ ನಾರಮ್ಮ ಚೊಂಬು ಹಿಡಿದು ನಿಂತಿದ್ದಾಳೆ. ಸಣ್ಣ ದೇಹ, ಫೋಟೊ ತೆಗೆಯುವವರ ಮೇಲೆ ಹುಸಿಮುನಿಸು. ಹೆಸರಿದ್ದ ಕಡೆಗೇ ಅವಳ ಅಂಗೈ ಮುಚ್ಚಿದೆ.

"ರೇವತಿ ಹೇಳಿದ್ಳು ತಾಯಿ. ಆ ಮಿಷನ್ನು ಹೆಂಗೈತೋ ಹಂಗೇ ಎತ್ಕಂಡು ಬರೀತದಂತೆ. ಅಮ್ಮನ ಅಕ್ಷರ ನಲ್ವತ್ತು ಮನೇಗೆ ಹೋಗ್ಲಿ ಅಂತ." ಪಾಪಯ್ಯ ಎದ್ದ. "ನಾನೇ ನೆಟ್ಗೆ ಹೇಳ್ಳಿಲ್ಲ. ನಂದೇ ತಪ್ಪು ಬಿಡು."

"ನೀವು ಹೇಳ್ತಿದ್ರಿ. ನಾನು ಹೇಳೋಕೆ ಬಿಡ್ಲಿಲ್ಲ" ಎಂದಳು ಹೇಮಾವತಿ. ಚೊಂಬನ್ನು ಭಾನುವಾರದವರೆಗೆ ತನ್ನ ಹತ್ತಿರ ಬಿಡಿ, ಏನಾದರೂ ಉಳಿದಿದೆಯೋ ನೋಡುತ್ತೇನೆ, ನಾನೇ ತಂದುಕೊಡುತ್ತೇನೆ ಎಂದು ಕೈಮುಗಿದಳು. ಅವನು ಲೋಟಗಳನ್ನು ಮಾತ್ರ ಎತ್ತಿಕೊಂಡು ಹೋದ.

ಉಳಿದಿದ್ದರೆ ಒಳಗೆ ಉಳಿದಿರಬೇಕು ಎಂದು ಅವಳಿಗೆ ಹೊಳೆದದ್ದು ಗುರುವಾರ ಬೆಳಿಗ್ಗೆ. ಮೊಳೆ ಹೊರಗಿನಿಂದ ಹೊಡೆದರೆ ಒಳಗೆ ಸಣ್ಣ ಉಬ್ಬು ಏಳಲೇಬೇಕು. ಚೊಂಬಿನ ಕುತ್ತಿಗೆಯೊಳಗೆ ಮೂರು ಬೆರಳು ಇಳಿಸಿ ಹೆಗಲ ಕಡೆ ಮೇಲಕ್ಕೆ ಮಡಚಿ ತಡಕಿದಳು. ಇತ್ತು. ಚಳಿಗೆ ಎದ್ದ ರೋಮದ ಬುಡದ ಹಾಗೆ, ಇದೆಯೋ ಇಲ್ಲವೋ ಎಂಬಷ್ಟು. ಅಡುಗೆಮನೆಗೆ ಹೋಗಿ ಮೈದಾ ಹಿಟ್ಟು ಬಿಗಿಯಾಗಿ ಕಲಸಿ, ಚೊಂಬಿನ ಒಳಗೆ ಒತ್ತಿ, ಹರಿಯದ ಹಾಗೆ ಎಳೆದು ಬೆಳಕಿಗೆ ಹಿಡಿದಳು. ಹಿಟ್ಟಿನ ಮೇಲೆ ಒಂದು ಕಡೆ ಮೂರು ಗುಳಿ, ಬೆರಳಗಲ ಬಿಟ್ಟು ಐದು, ಇನ್ನೊಂದು ಕಡೆ ಚದುರಿದ ಒಂಬತ್ತು, ಆಮೇಲೆ ಬರಿಯ ನುಣುಪು. ಹೆಗಲ ಹತ್ತಿರ ಹಿತ್ತಾಳೆ ದಪ್ಪ, ಎಲ್ಲ ಏಟೂ ಒಳಗೆ ಮುಟ್ಟಿರಲಿಲ್ಲ. ಏಳು ಸಲ ಹಿಟ್ಟು ಒತ್ತಿದಳು. ಏಳು ಸಲವೂ ಅವೇ ಹದಿನೇಳು ಚುಕ್ಕೆ. ಅವುಗಳಿಂದ ಒಂದು ಅಕ್ಷರವೂ ಕೂಡಲಿಲ್ಲ.

ಶುಕ್ರವಾರ ಅವಳು ಹೇಳಿಕೊಳ್ಳಲು ನಾಚುವಂಥ ಕೆಲಸವೊಂದನ್ನು ಮಾಡಿದಳು. ಆ ಹದಿನೇಳು ಚುಕ್ಕೆಗಳನ್ನು ಕಂಪ್ಯೂಟರಿಗೆ ಹಾಕಿ, ಉಳಿದ ಚುಕ್ಕೆಗಳನ್ನು ತಾನೇ ಕೂರಿಸಿದಳು. ಹೊಸದಾಗಿ ಕಲಿತವರ ಕೈಯಲ್ಲಿ ಅಕ್ಷರ ಹೇಗೆ ಓಲಾಡುತ್ತದೆ, ಕೊನೆಗೆ ಜಾಗ ಸಾಲದೆ ಹೇಗೆ ಇಕ್ಕಟ್ಟಾಗುತ್ತದೆ ಎಂದು ನೆನೆಸಿಕೊಂಡು ಬೇಕೆಂದೇ ವಕ್ರ ಮಾಡಿದಳು. ಒಂದು ಹಾಳು ಲೋಟದ ಮೇಲೆ ಬರೆಸಿ ನೋಡಿದಳು. ಮೆಷಿನ್ನು ಅದನ್ನೂ ನಿಯತ್ತಾಗಿ ಬರೆಯಿತು. ನೋಡಿದವರು ಯಾರೂ ಅನುಮಾನ ಪಡುವಂತಿರಲಿಲ್ಲ. ಒಳಗಿನ ಉಬ್ಬಿನಿಂದ ಎತ್ತಿದೆ, ಸಿಕ್ಕಿತು ಎಂದರೆ ಪಾಪಯ್ಯ ನಂಬುತ್ತಿದ್ದ, ಕೈಮುಗಿಯುತ್ತಲೂ ಇದ್ದ. ಲೋಟವನ್ನು ಕೈಯಲ್ಲಿ ಹಿಡಿದು ಅವಳು ಬಹಳ ಹೊತ್ತು ಕೂತಳು. ಆಫೀಸಿನವರು ಆಕೆಯ ಹೆಬ್ಬೆರಳನ್ನಾದರೂ ಹಿಡಿದು ಒತ್ತಿಸಿದರು. ಇದರಲ್ಲಿ ಆಕೆಯ ಬೆರಳೂ ಇಲ್ಲ. ಲೋಟವನ್ನು ಚಕ್ರಕ್ಕೆ ಕೊಟ್ಟಳು. ಆ ಹೆಸರನ್ನು ಮಾತ್ರ ಕಣ್ಣಿಟ್ಟು, ಕೊನೆಯ ಚುಕ್ಕೆಯವರೆಗೂ ಓದಿ ಅಳಿಸಿದಳು.

ಆಮೇಲೆ ಚೊಂಬನ್ನೂ ಒಡ್ಡಿ, ತಾನು ಬರೆಸಿದ್ದ ದುಂಡು ಅಕ್ಷರವನ್ನೂ ಮಲ್ಲಿಗೆ ಬಳ್ಳಿಯನ್ನೂ ತೆಗೆದಳು. ಚೊಂಬು ಬೋಳಾಯಿತು. ಬೋಳಾಗಿಯೇ ಇರಲಿ ಎಂದುಕೊಂಡಳು.

ಭಾನುವಾರ ಎರಡು ಬಸ್ಸು ಬದಲಿಸಿ ಕಲ್ಯಾಣದುರ್ಗ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ಪೇಟೆಯಾಚೆ, ಕಡಲೇಕಾಯಿ ಮಿಲ್ಲಿನ ಹಿಂದಿನ ಬೀದಿ ಎಂದರೆ ಆಟೋದವನಿಗೆ ಗೊತ್ತಾಯಿತು. "ಪಾಪಯ್ಯನೋರ ಮನೇಗಾ? ನಾರಕ್ಕನ ವರ್ಷ ಅಲ್ವಾ ಇವತ್ತು" ಎಂದು ಮನೆ ಬಾಗಿಲಿಗೇ ಬಿಟ್ಟ.

ಶಾಮಿಯಾನದ ಕೆಳಗೆ ಜನ ಕೂತಿದ್ದರು. ಬೀದಿಯ ಕೊನೆಯಲ್ಲಿ ದೊಡ್ಡ ಒಲೆಗಳ ಮೇಲೆ ಬಾಡೂಟದ ಅಡುಗೆ ಬೇಯುತ್ತಿತ್ತು. ಬಾಗಿಲ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಹಲ್ಲಿಲ್ಲದ ಮುದುಕಿಯೊಬ್ಬಳು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ಎದುರು ಮನೆಯ ಪೆದ್ದಕ್ಕನಂತೆ. ಎಲ್ಲಿಂದ ಬಂದಿರಿ ಎಂದೂ ಕೇಳದೆ ಮಾತಿಗೆ ಶುರು ಹಚ್ಚಿದಳು.

"ಲೋಟ ನೋಡಿದ್ಯಾ? ಮಿಷನ್ ಅಕ್ಷರ, ಮುತ್ತು ಪೋಣಿಸ್ದಂಗೆ ಅವೆ. ನಾರಿ ಬರೆದಿದ್ದು ಹಂಗಿರ್ಲಿಲ್ಲ ಕಣಮ್ಮ. ಕೋಳಿ ಕೆರೆದಂಗೆ ಇತ್ತು. ಆವತ್ತು ಮಧ್ಯಾಹ್ನ ಟಣ್ ಟಣ್ ಅಂತ ಹೊಡೀತಾ ಕೂತ್ರೆ ಬೀದಿಯೋರಿಗೆ ಒಬ್ಬರಿಗೂ ನಿದ್ದೆ ಇಲ್ಲ. ಏನೇ ಇದು ಅಂದ್ರೆ, ಸೈನ್ ಹಾಕ್ತಿವ್ನಿ, ಸುಮ್ನಿರು ಅಂದ್ಳು." ಪೆದ್ದಕ್ಕ ಬೊಚ್ಚುಬಾಯಲ್ಲಿ ನಕ್ಕಳು. "ಅದನ್ನ ಯಾವಳೋ ಹಿಂದೂಪುರದೋಳು ಉಜ್ಜಿ ಹಾಕ್ಬುಟ್ಳಂತೆ. ಕಣ್ಣು ಕಾಣ್ತಿರ್ಲಿಲ್ವೋ ಏನೋ ಆ ಮೂದೇವಿಗೆ."

"ಅವಳು ನಾನೇ ಅಕ್ಕ" ಎಂದಳು ಹೇಮಾವತಿ.

ಪೆದ್ದಕ್ಕನ ಕೈ ನಿಂತಿತು. ಹೇಮಾವತಿಯ ಮುಖ ನೋಡಿದಳು, ಅವಳ ತೋಳಿನ ಚೀಲ ನೋಡಿದಳು. ಆಮೇಲೆ ಬೆಳ್ಳುಳ್ಳಿಯ ಮೊರವನ್ನು ತೊಡೆಗೆ ಎಳೆದುಕೊಂಡು, ಚಪ್ಪಡಿಯ ಮೇಲೆ ಒಂದು ಮೊಳ ಆಚೆ ಸರಿದಳು. "ಕೂತ್ಕೊ. ಬಿಸಿಲಾಗೆ ಬಂದಿದೀಯ" ಎಂದಳು.

ಒಳಗಿನಿಂದ ಪಾಪಯ್ಯ ಬಂದ. ಅವನ ಹಿಂದೆ ರೇವತಿ. ಮೂವತ್ತೈದರ ಹೆಣ್ಣುಮಗಳು, ಅಂಗನವಾಡಿ ಟೀಚರು, ಫೋಟೊದಲ್ಲಿದ್ದ ತಾಯಿಯದೇ ಸಣ್ಣ ದೇಹ. ಅವಳು ಬನ್ನಿ ಎನ್ನಲಿಲ್ಲ.

"ಸಿಕ್ತಾ?" ಎಂದಳು ನೇರವಾಗಿ.

"ಇಲ್ಲಮ್ಮ." ಹೇಮಾವತಿ ಚೊಂಬನ್ನು ತೆಗೆದು ಕೊಟ್ಟಳು. "ಹೊರಗಡೆ ಏನೂ ಇಲ್ಲ. ಒಳಗಡೆ ಹದಿನೇಳು ಚುಕ್ಕೆ ಉಳಿದಿವೆ. ಅವು ನಿಮ್ಮಮ್ಮ ಹೊಡೆದವೇ. ಅಕ್ಷರ ಆಗಲ್ಲ. ಆಗೋ ಹಾಗೆ ಮಾಡಬಹುದಿತ್ತು. ಮಾಡಿ ನೋಡಿದೆ ಕೂಡ. ಅದು ಸುಳ್ಳಾಗ್ತಿತ್ತು, ಅದಕ್ಕೆ ತರಲಿಲ್ಲ."

"ಆ ಆಫೀಸ್ನೋರಿಗೆ ಲೈನ್ ಇತ್ತು, ಅರ್ಜೆಂಟ್ ಇತ್ತು. ನಿಮಗೇನಿತ್ತು? ಅಪ್ಪ ಅಷ್ಟು ದೂರ ಬಂದು ಬಾಯಿ ತೆಗೆದ್ರೆ ಒಂದು ಮಾತು ಕೇಳೋಕೆ ನಿಮಗೇನು ಕಷ್ಟ ಆಗಿತ್ತು?"

"ರೇವತಮ್ಮ, ಬಿಡು" ಎಂದ ಪಾಪಯ್ಯ.

"ನಂಗೇನೂ ಕಷ್ಟ ಇರಲಿಲ್ಲಮ್ಮ" ಎಂದಳು ಹೇಮಾವತಿ. ಅವರಿಗೆ ನಾಚಿಕೆಯಾಗದಿರಲಿ ಎಂದು ಹಾಗೆ ಮಾಡಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಈಗ ಅದನ್ನು ಹೇಳಿದರೆ ತನ್ನ ಒಳ್ಳೆಯತನಕ್ಕೆ ಅವರಿಂದ ಸಹಿ ಕೇಳಿದ ಹಾಗಾಗುತ್ತದೆ ಅನ್ನಿಸಿತು. ಅಪ್ಪನ ಮಾತು ಅಪ್ಪನ ಕಾಲಕ್ಕೆ ಸರಿಯಿತ್ತೇನೋ. ಅವರು ಜನರ ಮುಖ ನೋಡಿ ತಿಳಿದುಕೊಂಡು ಸುಮ್ಮನಿರುತ್ತಿದ್ದರು. ನಾನು ತಿಳಿದುಕೊಳ್ಳದೆಯೇ ಸುಮ್ಮನಿರುವುದನ್ನು ಕಲಿತೆ. ಎಷ್ಟು ವರ್ಷದಿಂದ, ಎಷ್ಟು ಪಾತ್ರೆಗಳನ್ನು ಹೀಗೆ ಬೀದಿ ನೋಡುತ್ತ ಅಳಿಸಿದ್ದೇನೋ, ಅವುಗಳಲ್ಲಿ ಇನ್ನೆಷ್ಟು ಜನರ ಬಾಯಿಯ ಅರ್ಧ ಮಾತು ಉಳಿದುಹೋಗಿತ್ತೋ. ದೀಪದ ಮೇಲಿನ ನಾಲ್ಕು ಸಾಲನ್ನು ಕಂಡು ನಕ್ಕಿದ್ದು ಈಗ ನಗೆಯಾಗಿ ಉಳಿದಿರಲಿಲ್ಲ.

ಪಾಪಯ್ಯ ಚೊಂಬನ್ನು ಇಸಿದುಕೊಂಡು ಒಳಗೆ ಕೈ ಹಾಕಲು ನೋಡಿದ. ಉತ್ತು ಬಿತ್ತಿ ದಪ್ಪವಾದ ಬೆರಳುಗಳು ಕುತ್ತಿಗೆಯಲ್ಲೇ ತಡೆದವು. ಎರಡು ಸಲ ನೋಡಿ, ಮಗಳ ಕೈಗೆ ಕೊಟ್ಟ.

ರೇವತಿ ತೆಗೆದುಕೊಳ್ಳುವುದೋ ಬೇಡವೋ ಎಂಬಂತೆ ತೆಗೆದುಕೊಂಡಳು. ಬೆರಳು ಒಳಗಿಳಿಸಿದಳು. ಹೇಮಾವತಿ ಜಾಗ ತೋರಿಸಲು ಹೋಗಲಿಲ್ಲ. ಶಾಮಿಯಾನದಲ್ಲಿ ಯಾರೋ ಲೋಟ ಹಂಚುತ್ತಿದ್ದರು. "ಎಷ್ಟು ಚೆಂದ ಬರ್ಸವ್ರೆ, ಅಂಗ್ಡಿ ಯಾವ್ದು?" ಎಂದು ಒಬ್ಬರು, "ಹಿಂದೂಪುರ್ದಾಗಂತೆ" ಎಂದು ಇನ್ನೊಬ್ಬರು ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ರೇವತಿಯ ಬೆರಳು ಚೊಂಬಿನೊಳಗೆ ಒಂದು ಕಡೆ ಬಂದು ನಿಂತಿತು. ಮತ್ತೆ ಸರಿಯಿತು, ಮತ್ತೆ ನಿಂತಿತು. ಅವಳು ಯಾರ ಮುಖವನ್ನೂ ನೋಡದೆ, ಕೈಯನ್ನೂ ತೆಗೆಯದೆ, ಚೊಂಬನ್ನು ಹೊಟ್ಟೆಗೆ ಅವುಚಿಕೊಂಡು ಒಳಗೆ ಹೋದಳು.

"ಊಟ ಮಾಡ್ಕೊಂಡು ಹೋಗ್ಬೇಕು ತಾಯಿ" ಎಂದ ಪಾಪಯ್ಯ. ಅಷ್ಟರಲ್ಲಿ ಯಾರೋ ಹಿರಿಯರು ಬಂದರೆಂದು ಅವನನ್ನು ಕರೆದರು.

ಎಲೆ ಹಾಕುವ ಸದ್ದು ಕೇಳಿದ ಮೇಲೆ ಹೇಮಾವತಿ ಚಪ್ಪಡಿಯಿಂದ ಎದ್ದಳು. ಆ ಪಂಕ್ತಿಯಲ್ಲಿ ಕೂತು ನಾರಮ್ಮನ ಹೆಸರಿನ ಅನ್ನ ಉಣ್ಣುವಷ್ಟು ಧೈರ್ಯ ಅವಳಿಗಿರಲಿಲ್ಲ. "ಬತ್ತೀನಿ ಅಕ್ಕ" ಎಂದು ಪೆದ್ದಕ್ಕನಿಗೆ ಮಾತ್ರ ಹೇಳಿದಳು. ಪೆದ್ದಕ್ಕ ಮೊರ ಬದಿಗಿಟ್ಟು ಒಳಗೆ ಹೋದಳು.

ಬೀದಿಯ ತುದಿಯಲ್ಲಿ, ಮಿಲ್ಲಿನ ಗೋಡೆಯ ಗೇಣಗಲ ನೆರಳಿನಲ್ಲಿ, ಹೇಮಾವತಿ ಬಸ್‌ಸ್ಟ್ಯಾಂಡಿನ ಕಡೆಯ ಆಟೋ ಕಾಯುತ್ತ ನಿಂತಳು. ಕಡಲೇಕಾಯಿ ಹೊಟ್ಟು ಗಾಳಿಗೆ ಎದ್ದು ಸೀರೆಗೆ ಅಂಟುತ್ತಿತ್ತು. ಹೋದ ಆಟೋಗಳೆಲ್ಲ ತುಂಬಿದ್ದವು. ಕಾಲು ಗಂಟೆ ಕಳೆದಿರಬೇಕು. ಹಿಂದೆ ಚಪ್ಪಲಿಯ ಸದ್ದಾಯಿತು.

ರೇವತಿ ಬಂದಿದ್ದಳು. ಅತ್ತ ಕಣ್ಣು ಕೆಂಪಾಗಿತ್ತು. ಹೇಳಬೇಕೆಂದು ಏನನ್ನೋ ತಂದಿದ್ದವಳ ಹಾಗೆ ಒಂದು ಕ್ಷಣ ನಿಂತಳು, ಹೇಳಲಿಲ್ಲ. ಹೇಮಾವತಿಯೂ ಈ ಸಲ ಅವಳ ಮಾತನ್ನು ತಾನು ಮುಗಿಸಲು ಹೋಗದೆ ಕಾದಳು. ಒಂದು ಆಟೋ ಬಂದು ನಿಂತಿತು. ಹೇಮಾವತಿ ಹತ್ತಿ ಕೂತಳು.

ರೇವತಿ ಸೆರಗಿನಡಿಯಿಂದ ಒಂದು ಮುಚ್ಚಳದ ಡಬ್ಬಿ ತೆಗೆದು ಅವಳ ಮಡಿಲಲ್ಲಿ ಇಟ್ಟಳು. ಡಬ್ಬಿ ಬಿಸಿಯಿತ್ತು. ಹೇಮಾವತಿ ಮುಚ್ಚಳ ಎತ್ತಿ ನೋಡಿದಳು. ಶಾಮಿಯಾನದ ಒಲೆಯ ಮಸಾಲೆಯ ಘಾಟು ಅದಕ್ಕಿರಲಿಲ್ಲ. ಬಾಡು ತಿನ್ನದವಳಿರಬಹುದೆಂದು ಮನೆಯೊಳಗೆ ಬೇರೆ ಒಲೆಯಲ್ಲಿ ಮಾಡಿದ ಅನ್ನ, ಬೇಳೆ ಸಾರು. ಮೇಲೆ, ಪಂಕ್ತಿಯಲ್ಲಿ ಎಲೆಯ ತುದಿಗೆ ಬಡಿಸುವ ಹಾಗೆ, ಬಾಳೆಲೆಯ ಚೂರಿನಲ್ಲಿ ಸುತ್ತಿದ ಒಂದು ಚಿಟಿಕೆ ಉಪ್ಪಿತ್ತು. ಆಟೋ ಕದಲುವಾಗ ಸಾರು ಚೆಲ್ಲದಿರಲೆಂದು ರೇವತಿ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ, ಕೈ ತೆಗೆದಳು.